ಎಐ ಬಳಸಿದ್ದೀರಿ, ಸರಿ, ದಾಖಲೆ ಎಲ್ಲಿ?

ಮಹಾಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಗೈಡ್, ಗ್ರಂಥಪಾಲಕರು, ಡಿಟಿಪಿ ಮಾಡಿಕೊಟ್ಟವರು ಇವರೆಲ್ಲರ ಹೆಸರಿನ ಕೆಳಗೆ ಈಗ ಹೊಸದೊಂದು ಸಾಲು ಸೇರಿಕೊಳ್ಳುತ್ತಿದೆ: ‘ಈ ಅಧ್ಯಯನದಲ್ಲಿ ಅಗತ್ಯವಿದ್ದೆಡೆ ಎಐ ನೆರವು ಪಡೆಯಲಾಗಿದೆ.’ ಬರೆದವರ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಈ ಸಾಲಿನಿಂದ ಓದುವವರಿಗೆ ತಿಳಿಯುವುದೂ ಏನಿಲ್ಲ. ಯಾವ ಎಐ? ಯಾವ ಅಧ್ಯಾಯದಲ್ಲಿ? ಕಾಗುಣಿತ ತಿದ್ದಲಿಕ್ಕೋ, ಸಂದರ್ಶನಗಳನ್ನು ಇಂಗ್ಲಿಷಿಗೆ ತರಲಿಕ್ಕೋ, ತೀರ್ಮಾನದ ಅಧ್ಯಾಯವನ್ನೇ ಬರೆಸಲಿಕ್ಕೋ? ಈ ಮೂರರ ನಡುವೆ ಅಜಗಜಾಂತರವಿದೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿರಲಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿರಲಿ, ಶಿವಮೊಗ್ಗ ನಗರದ ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಕಾಲೇಜಿನಲ್ಲಿರಲಿ, ವಿದ್ಯಾರ್ಥಿ ಮೊದಲು ಕೇಳುವುದು ‘ಚಾಟ್‌ಜಿಪಿಟಿನ ಹೇಗೆ ಸೈಟ್ ಮಾಡೋದು ಸರ್?’ ಎಂದೇ. ಈ ಒಂದು ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಎಐ ಕೊಟ್ಟ ಮಾತನ್ನೇ ಪ್ರಬಂಧದಲ್ಲಿ ಎತ್ತಿ ಬರೆದಾಗ ಅದರ ಮೂಲ ಹೇಳುವುದು ಉಲ್ಲೇಖ. ಯಾವ ಕೆಲಸಕ್ಕೆ ಎಷ್ಟು ಬಳಸಿದೆ ಎಂದು ಓದುಗರಿಗೆ ತಿಳಿಸುವುದು ಘೋಷಣೆ. ಬಳಸಿದ ದಿನವೇ ಪ್ರಶ್ನೆ, ಉತ್ತರ, ತಿದ್ದುಪಡಿ ಮೂರನ್ನೂ ತೆಗೆದಿಟ್ಟುಕೊಳ್ಳುವುದು ದಾಖಲೆ. ಎಲ್ಲರೂ ತಲೆಕೆಡಿಸಿಕೊಳ್ಳುವುದು ಉಲ್ಲೇಖದ ಬಗ್ಗೆ. ಪ್ರಬಂಧದಲ್ಲಿ ಅದು ಬೇಕಾಗುವುದು ತೀರಾ ಕಡಿಮೆ. ಯಾರೂ ಕೇಳದ ದಾಖಲೆಯ ಮೇಲೆ ಉಳಿದೆರಡೂ ನಿಂತಿವೆ.

ನಿಯಮಗಳು ಹೇಳುವುದೇನು

ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಎರಡೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ‘ನೇಚರ್’ ಪತ್ರಿಕೆ ತನ್ನ ನಿಲುವು ಪ್ರಕಟಿಸಿತು: ಎಐಯನ್ನು ಲೇಖಕನೆಂದು ಒಪ್ಪುವುದಿಲ್ಲ, ಬಳಸಿದ್ದರೆ ವಿಧಾನದ ಭಾಗದಲ್ಲೋ ಕೃತಜ್ಞತೆಯಲ್ಲೋ ಹೇಳಬೇಕು. ಪ್ರಕಟಣಾ ನೀತಿಯ ಅಂತಾರಾಷ್ಟ್ರೀಯ ಸಮಿತಿ ‘ಕೋಪ್’ ಫೆಬ್ರುವರಿಯಲ್ಲಿ ಅದನ್ನೇ ಹೇಳಿತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಒಕ್ಕೂಟ ಐಸಿಎಂಜೆಇ ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಶಿಫಾರಸುಗಳಿಗೆ ಇದನ್ನು ಸೇರಿಸಿತು. ‘ಸೈನ್ಸ್’ ಪತ್ರಿಕೆ ಮೊದಲು ಪೂರ್ತಿ ನಿಷೇಧಿಸಿ, 2023ರ ನವೆಂಬರಿನಲ್ಲಿ ಸಡಿಲಿಸಿತು. ಆದರೆ ಉಪಕರಣದ ಹೆಸರು, ಆವೃತ್ತಿ, ಕೊಟ್ಟ ಪ್ರಾಂಪ್ಟ್ (ಎಐಗೆ ಹಾಕಿದ ಪ್ರಶ್ನೆ ಅಥವಾ ಸೂಚನೆ) ಪೂರ್ತಿಯಾಗಿ ಬೇಕು ಎಂಬ ಷರತ್ತು ಹಾಕಿತು. ಎಲ್ಲರ ತರ್ಕವೂ ಒಂದೇ. ಲೇಖಕ ಎಂದರೆ ನಾಳೆ ತಪ್ಪು ಸಿಕ್ಕಾಗ ಎದ್ದು ನಿಂತು ಉತ್ತರ ಹೇಳಬೇಕಾದವನು. ಯಂತ್ರಕ್ಕೆ ಆ ಹೊಣೆ ಹೊರಲು ಬರುವುದಿಲ್ಲ.

ನಮ್ಮಲ್ಲಿ ಎಲ್ಲರ ಕೈಯಲ್ಲಿರುವುದು ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ. ಅದು ಚಾಟ್‌ಜಿಪಿಟಿಗಿಂತ ನಾಲ್ಕು ವರ್ಷ ಮೊದಲಿನದು. ಈಗಾಗಲೇ ಇರುವ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳು ಮೀರದಂತೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿಗಳು ಪ್ರತಿ ಸಂಶೋಧನಾ ವಿದ್ಯಾರ್ಥಿಗೂ ಬಾಯಿಪಾಠ. ಅವಾಂತರ ಶುರುವಾಗುವುದೂ ಇಲ್ಲಿಂದಲೇ.

ಆ ಶೇ 10 ಹೋಲಿಕೆಯ ಮಿತಿ, ಎಐಯ ಮಿತಿಯಲ್ಲ. ಹೋಲಿಕೆ ತಂತ್ರಾಂಶ ನಿಮ್ಮ ವಾಕ್ಯವನ್ನು ಈಗಾಗಲೇ ಇರುವ ಬರಹಗಳ ಜೊತೆ ತಾಳೆ ನೋಡುತ್ತದೆ. ಎಐ ಪದಗಳನ್ನು ಹೊಸದಾಗಿ ಜೋಡಿಸುವುದರಿಂದ ಅಧ್ಯಾಯಕ್ಕೆ ಅಧ್ಯಾಯವೇ ಅದರಿಂದ ಬರೆಸಿದ್ದರೂ ಹೋಲಿಕೆ ಶೇ 5 ಬರಬಹುದು. ವರದಿ ಹಸಿರು ಬಂತೆಂದರೆ ಕೆಲಸ ಸಾಚಾ ಎಂದಾಗಲಿಲ್ಲ, ಏಕೆಂದರೆ ಅದೇ ನಿಯಮಾವಳಿಯಡಿ ವಿದ್ಯಾರ್ಥಿ ‘ಇದು ನಾನೇ ಸಿದ್ಧಪಡಿಸಿದ ಸ್ವಂತ ಕೃತಿ’ ಎಂದು ಮುಚ್ಚಳಿಕೆ ಬರೆದುಕೊಟ್ಟಿರುತ್ತಾನೆ, ಗೈಡ್ ಕೂಡ ಪ್ರಮಾಣಪತ್ರಕ್ಕೆ ಸಹಿ ಹಾಕಿರುತ್ತಾರೆ. ಯಂತ್ರ ಬರೆದದ್ದನ್ನು ಹೇಳದೆ ಸೇರಿಸಿದರೆ ಮುರಿದುಬೀಳುವುದು ಆ ಮಾತು.

ಇನ್ನೊಂದು ‘ಎಐ ಶೇಕಡಾ’ ತೋರಿಸುವ ಪತ್ತೆ ವರದಿ. ಅದನ್ನೇ ನಂಬಿ ವಿದ್ಯಾರ್ಥಿಯನ್ನು ತಪ್ಪಿತಸ್ಥನ ಜಾಗದಲ್ಲಿ ನಿಲ್ಲಿಸುವುದು ಅನ್ಯಾಯ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಪತ್ತೆ ಉಪಕರಣ ಬಿಟ್ಟಿತ್ತು. ಕಂಪನಿಯೇ ಕೊಟ್ಟ ಲೆಕ್ಕದಂತೆ ಅದು ಎಐ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಎಐಯದ್ದೆಂದು ಹೇಳುತ್ತಿತ್ತು. ಜುಲೈ ಹೊತ್ತಿಗೆ ನಿಖರತೆ ಸಾಲದೆಂದು ಹಿಂದಕ್ಕೆ ಪಡೆದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಉಪಕರಣಗಳಿಗೆ ಕೊಟ್ಟು ನೋಡಿದರು. ಸರಾಸರಿ ಶೇ 61ರಷ್ಟನ್ನು ಅವು ಎಐ ಬರಹವೆಂದವು. ಕಾರಣ ಸರಳ: ಸೀಮಿತ ಶಬ್ದಭಂಡಾರ, ಊಹಿಸಬಹುದಾದ ವಾಕ್ಯರಚನೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಎಂ.ಎ.ಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಬರೆಯುವ ಹುಡುಗಿಯ ಗದ್ಯವೂ ಹೀಗೆಯೇ ಇರುತ್ತದೆ. ಯಾರ ನೆರವೂ ಇಲ್ಲದೆ ಬರೆದವಳೇ ಅನುಮಾನಕ್ಕೆ ಗುರಿಯಾದರೆ ಅವಳನ್ನು ಕಾಯುವುದು ಏನು? ಕರಡುಗಳು, ತಾರೀಖುಗಳು, ಟಿಪ್ಪಣಿಗಳು. ದಾಖಲೆ ತಪ್ಪು ಮಾಡಿದವರನ್ನು ಹಿಡಿಯಲಿಕ್ಕೆ ಇರುವುದು ಎಂಬ ಭಾವನೆ ಬಹಳ ಜನರಲ್ಲಿದೆ. ಅದರ ಮೊದಲ ಉಪಯೋಗ ತಪ್ಪು ಮಾಡದವರಿಗೆ.

ದಾಖಲೆ ಇಡುವ ಬಗೆ

ಒಂದು ಎಕ್ಸೆಲ್ ಹಾಳೆ ಸಾಕು. ನೋಟ್‌ಬುಕ್ ಆದರೂ ಆದೀತು. ತಾರೀಖು, ಉಪಕರಣದ ಹೆಸರು, ಪರದೆಯ ಮೇಲೆ ಕಂಡ ಮಾದರಿಯ ಹೆಸರು, ಉಚಿತ ಖಾತೆಯೋ ದುಡ್ಡು ಕೊಟ್ಟದ್ದೋ, ಯಾವ ಅಧ್ಯಾಯದ ಯಾವ ಭಾಗ, ಏನು ಕೇಳಿದಿರಿ, ಬಂದದ್ದರಲ್ಲಿ ಏನು ಇಟ್ಟುಕೊಂಡಿರಿ, ಏನು ಬಿಟ್ಟಿರಿ, ಹೇಗೆ ಪರೀಕ್ಷಿಸಿದಿರಿ. ಕೊನೆಯ ಎರಡು ಕಾಲಂಗಳನ್ನೇ ಬಹಳ ಮಂದಿ ಖಾಲಿ ಬಿಡುತ್ತಾರೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪ್ರಶ್ನೆ ಬರುವುದೂ ಅಲ್ಲಿಂದಲೇ.

ಅಡಿಕೆ ತೋಟದ ಕೊಳೆರೋಗದ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಯ ಹಾಳೆಯಲ್ಲಿ ಒಂದು ಸಾಲು ಹೀಗಿರಬಹುದು: ‘14 ಆಗಸ್ಟ್ 2025. ಚಾಟ್‌ಜಿಪಿಟಿ, (ಪರದೆಯಲ್ಲಿ ಕಂಡ ಮಾದರಿಯ ಹೆಸರು), ಉಚಿತ ಖಾತೆ. ಅಧ್ಯಾಯ 3, ಸಿಂಪಡಣೆ ಭಾಗ. ಆರು ಸಂದರ್ಶನಗಳ ಕನ್ನಡ ಪಠ್ಯವನ್ನು ಇಂಗ್ಲಿಷಿಗೆ ಅನುವಾದಿಸಲು ಕೇಳಿದ್ದು. ನಾಲ್ಕನ್ನು ತಿದ್ದಿ ಇಟ್ಟುಕೊಂಡೆ, ಎರಡನ್ನು ಕೈಯಲ್ಲೇ ಮತ್ತೆ ಮಾಡಿದೆ. ಬೋರ್ಡೋ ದ್ರಾವಣದ ಪ್ರಮಾಣ ಒಂದು ಕಡೆ ತಪ್ಪಿತ್ತು. ಧ್ವನಿಮುದ್ರಣ ಕೇಳಿ ಶೇ 1, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೊ, ಸುಣ್ಣ 1 ಕಿಲೊ ಎಂದು ಸರಿಪಡಿಸಿದೆ.’ ಬರೆಯಲು ಐದು ನಿಮಿಷ. ಈ ಒಂದು ಸಾಲನ್ನು ನೋಡಿದ ಪರೀಕ್ಷಕರಿಗೆ ಅನುವಾದ ಯಾರದು, ತಪ್ಪು ಎಲ್ಲಿತ್ತು, ಜವಾಬ್ದಾರಿ ಯಾರು ಹೊತ್ತರು ಎಲ್ಲವೂ ತಿಳಿದುಬಿಡುತ್ತದೆ.

ಸಂಭಾಷಣೆಯ ಪ್ರತಿಯನ್ನು ಅಂದೇ ಉಳಿಸಬೇಕು. ‘ಶೇರ್’ ಕೊಂಡಿ ಮಾಡಿಟ್ಟರೆ ಸಾಕು ಎಂದುಕೊಂಡರೆ ಕೆಡುತ್ತದೆ: ಮೂಲ ಸಂಭಾಷಣೆಯನ್ನು ಅಳಿಸಿದ ಕೂಡಲೇ ಚಾಟ್‌ಜಿಪಿಟಿಯ ಕೊಂಡಿಯೂ ಸಾಯುತ್ತದೆ. ತಾತ್ಕಾಲಿಕ ಚಾಟ್‌ನಲ್ಲಿ ಕೇಳಿದ್ದು ಹಿಸ್ಟರಿಯಲ್ಲೇ ಇರುವುದಿಲ್ಲ. ಹಾಸ್ಟೆಲಿನಲ್ಲಿ ಗೆಳೆಯನ ಲಾಗಿನ್‌ನಿಂದ ಕೇಳಿದ್ದು ಗೆಳೆಯನ ಖಾತೆಯಲ್ಲಿ ಉಳಿಯುತ್ತದೆ, ನಿಮ್ಮದರಲ್ಲಲ್ಲ. ಆದ್ದರಿಂದ ಪ್ರಶ್ನೆ ಮತ್ತು ಉತ್ತರ ಎರಡನ್ನೂ ಪಿಡಿಎಫ್ ಮಾಡಿ, ಕಡತದ ಹೆಸರನ್ನು ತಾರೀಖಿನಿಂದ ಶುರುಮಾಡಿ, ಪೆನ್‌ಡ್ರೈವ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು ಇಡಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರುಗಳಲ್ಲಿ ‘ಆಮೇಲೆ ಡೌನ್‌ಲೋಡ್ ಮಾಡಿದರಾಯಿತು’ ಎಂಬುದು ನಡೆಯುವ ಮಾತಲ್ಲ.

ಮಾದರಿಯ ಹೆಸರಿಗೆ ಇಷ್ಟು ಒತ್ತು ಏಕೆ? ಅದೇ ಪ್ರಶ್ನೆ, ಅದೇ ಉಪಕರಣ, ಆದರೂ ಉತ್ತರ ಎರಡು ಸಲ ಒಂದೇ ಬರುವುದಿಲ್ಲ. ಅದರ ಮೇಲೆ ಕಂಪನಿಗಳು ಮಾದರಿ ಬದಲಿಸುತ್ತಲೇ ಇರುತ್ತವೆ. ಉಚಿತ ಖಾತೆಯಲ್ಲಿ ಮಿತಿ ಮುಗಿದರೆ ಅದೇ ಮಧ್ಯಾಹ್ನ ಚಿಕ್ಕ ಮಾದರಿಗೆ ಇಳಿಸಿಬಿಡಬಹುದು. ಆವೃತ್ತಿ ಬರೆದಿಡದಿದ್ದರೆ ಆ ಉತ್ತರ ಎಲ್ಲಿಂದ ಬಂತೆಂದು ಆಮೇಲೆ ನಿಮಗೂ ಹೇಳಲಾಗದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದ ಅಧ್ಯಾಯ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ, ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಹೋಲಿಕೆ ತಂತ್ರಾಂಶಕ್ಕೂ ಅಷ್ಟೆ, ಎಐಗೂ ಅಷ್ಟೆ. ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ. ‘ಕಾಗುಣಿತ ಸರಿಮಾಡು’ ಎಂದು ಆ ಪಠ್ಯವನ್ನು ಎಐಗೆ ಕೊಟ್ಟರೆ ಅದು ಕಾಗುಣಿತಕ್ಕೆ ನಿಲ್ಲುವುದಿಲ್ಲ. ವಾಕ್ಯವನ್ನೂ ‘ಚಂದ’ ಮಾಡುತ್ತದೆ, ನೀವು ಎತ್ತಿ ಬರೆದ ಉದ್ಧರಣೆಯನ್ನೂ ಬಿಡುವುದಿಲ್ಲ. ಡಿಟಿಪಿ ಅಂಗಡಿಯಲ್ಲಿ ಈ ಕೆಲಸ ನಡೆದರೆ ವಿದ್ಯಾರ್ಥಿಗೆ ಗೊತ್ತೇ ಆಗುವುದಿಲ್ಲ. ಟೈಪ್ ಮಾಡಿಸುವಾಗ ಎಐನಿಂದ ತಿದ್ದಿಸುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ತಿದ್ದಿಸಿದ್ದರೆ ಹಳೆಯ ಮತ್ತು ಹೊಸ ಎರಡೂ ಕಡತಗಳನ್ನು ಪಡೆದು ವರ್ಡ್‌ನ ‘ಕಂಪೇರ್’ನಲ್ಲಿ ಹಾಕಿ ನೋಡಿ.

ಎಐ ಆಕರವಲ್ಲ

ಈಗ ಎಲ್ಲರೂ ಕೇಳುವ ಆ ಪ್ರಶ್ನೆಗೆ ಬರೋಣ. ಎಐ ಹೇಳಿತೆಂದು ಒಂದು ಸಂಗತಿಯನ್ನು ಬರೆದು ಕೆಳಗೆ ‘ಚಾಟ್‌ಜಿಪಿಟಿ’ ಎಂದು ಅಡಿಟಿಪ್ಪಣಿ ಹಾಕುವುದು ಪ್ರಾಮಾಣಿಕವಾಗಿರಬಹುದು, ಸಂಶೋಧನೆಯಾಗುವುದಿಲ್ಲ. ಸಂಗತಿಗೆ ಮೂಲ ಬೇರೆ ಎಲ್ಲೋ ಇದೆ. ಅದನ್ನು ಹುಡುಕಿ, ತೆರೆದು, ಓದಿ, ಅದನ್ನೇ ಉಲ್ಲೇಖಿಸಬೇಕು. ಎಐಯ ಮಾತನ್ನೇ ಉಲ್ಲೇಖಿಸಬೇಕಾಗುವುದು ಆ ಮಾತೇ ಅಧ್ಯಯನದ ವಸ್ತುವಾದಾಗ. ಉಡುತಡಿಯ ಅಕ್ಕನ ವಚನಗಳನ್ನು ಎಐ ಹೇಗೆ ಅನುವಾದಿಸುತ್ತದೆ ಎಂಬುದೇ ನಿಮ್ಮ ಸಂಪ್ರಬಂಧವಾದರೆ, ಆಗ ಅದರ ಅನುವಾದ ನಿಮ್ಮ ಆಕರ.

ಅಂಥ ಸಂದರ್ಭದಲ್ಲಿ ಉಲ್ಲೇಖದ ಶೈಲಿಗಳು ಬೇರೆ ಬೇರೆ ದಾರಿ ಹಿಡಿದಿವೆ. ಎಪಿಎ ಎಐಯನ್ನು ತಂತ್ರಾಂಶವೆಂದು ಎಣಿಸಿ ಕಂಪನಿಯನ್ನು ಲೇಖಕರ ಜಾಗದಲ್ಲಿಡುತ್ತದೆ: ‘ಓಪನ್‌ಎಐ. (2023). ಚಾಟ್‌ಜಿಪಿಟಿ (ಮಾರ್ಚ್ 14ರ ಆವೃತ್ತಿ) [ಬೃಹತ್ ಭಾಷಾ ಮಾದರಿ]’, ಆಮೇಲೆ ವಿಳಾಸ. ಎಂಎಲ್‌ಎ ಲೇಖಕರ ಜಾಗವನ್ನು ಖಾಲಿ ಬಿಟ್ಟು, ನೀವು ಕೇಳಿದ ಪ್ರಶ್ನೆಯನ್ನೇ ಶೀರ್ಷಿಕೆಯಂತೆ ಮೊದಲು ಬರೆಯಲು ಹೇಳುತ್ತದೆ. ನಂತರ ಉಪಕರಣ, ಆವೃತ್ತಿ, ಕಂಪನಿ, ತಾರೀಖು, ವಿಳಾಸ. ಶಿಕಾಗೋ ಶೈಲಿಗೆ ಅಡಿಟಿಪ್ಪಣಿ ಸಾಕು. ಬೇರೆಯವರು ತೆರೆದು ನೋಡಬಹುದಾದ ಕೊಂಡಿ ಇಲ್ಲದಿದ್ದರೆ ಗ್ರಂಥಸೂಚಿಗೆ ಸೇರಿಸಬಾರದು. ನಿಮ್ಮ ವಿಭಾಗ ಯಾವ ಶೈಲಿ ಹೇಳುತ್ತದೋ ಅದನ್ನೇ ಕೊನೆಯವರೆಗೆ ಹಿಡಿದರಾಯಿತು. ಇದಕ್ಕಿಂತ ಹೆಚ್ಚಿನ ಸಮಯ ಇಲ್ಲಿ ಕಳೆಯಬೇಕಿಲ್ಲ.

ಸಮಯ ಕಳೆಯಬೇಕಾದದ್ದು ಎಐ ಕೊಡುವ ಆಕರಗಳ ಪಟ್ಟಿಯ ಮೇಲೆ. 2023ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಜಿಪಿಟಿ-3.5 ಕೊಟ್ಟ ಆಕರಗಳಲ್ಲಿ ಶೇ 55ರಷ್ಟು, ಜಿಪಿಟಿ-4 ಕೊಟ್ಟದ್ದರಲ್ಲಿ ಶೇ 18ರಷ್ಟು ಎಲ್ಲೂ ಇಲ್ಲದವು ಎಂದು ಕಂಡುಬಂತು. ಹೊಸ ಮಾದರಿಗಳು ಸುಧಾರಿಸಿರಬಹುದು, ಆದರೆ ಸುಳ್ಳಿನ ಸ್ವಭಾವ ಬದಲಾಗಿಲ್ಲ: ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಹುಟ್ಟೇ ಇಲ್ಲ. ಇಂಗ್ಲಿಷ್ ಲೇಖನವಾದರೆ ಅದರ ಗುರುತಿನ ಸಂಖ್ಯೆಯಾದ ಡಿಒಐಯನ್ನು ಡಿಒಐ ತಾಣದಲ್ಲಿ ಹಾಕಿದರೆ ನಿಮಿಷದಲ್ಲಿ ಬಯಲಾಗುತ್ತದೆ. ಪಿಎಚ್‌ಡಿ ಪ್ರಬಂಧವಾದರೆ ಭಾರತದ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಹುಡುಕಬಹುದು. ಕನ್ನಡ ಪುಸ್ತಕಗಳಿಗೆ ಇಂಥ ಸುಲಭದ ದಾರಿ ಕಡಿಮೆ. ಗ್ರಂಥಾಲಯಕ್ಕೆ ಹೋಗಿ ಪುಟ ತೆರೆದೇ ನೋಡಬೇಕು.

ಶಾಸನಗಳ ವಿಷಯ ತೆಗೆದುಕೊಳ್ಳಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕದಂಬರ ಸ್ತಂಭಶಾಸನದ ಸಂಖ್ಯೆ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ (ಎ.ಕ.) ಏಳನೇ ಸಂಪುಟದಲ್ಲಿ ಶಿಕಾರಿಪುರ 176. ಬಿ.ಎಲ್. ರೈಸ್ ಅವರ ಮೊದಲ ಮುದ್ರಣದಲ್ಲಿ ಹಳೆಯ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟಗಳಿವೆ. 1902ರ ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು. 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಅಂದ ಮೇಲೆ ಎಐ ‘ಎ.ಕ. 7, ಸೊರಬ 215’ ಎಂದು ಕೊಟ್ಟರೆ ಪುಸ್ತಕ ತೆರೆಯುವ ಮೊದಲೇ ಅದು ತಪ್ಪು, ಸೊರಬದ ಶಾಸನ ಏಳರಲ್ಲಿ ಇರಲಾರದು. ‘ಎ.ಕ. 7, ಹೊಸನಗರ’ ಎಂದರೂ ತಪ್ಪು. ಇಂದಿನ ಹೊಸನಗರ ತಾಲ್ಲೂಕು ಆ ಸಂಪುಟಗಳಲ್ಲಿ ‘ನಗರ’, ಅದೂ ಎಂಟರಲ್ಲಿ. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿರುವುದರಿಂದ ಅವನ್ನು ಎಐ ಬೇರೆ ಸಂಪುಟಕ್ಕೆ ತಳ್ಳುವ ಸಾಧ್ಯತೆಯೂ ಇದೆ. ಸಂಖ್ಯೆ ಸರಿಯಿದ್ದರೂ ಪಾಠ ಸರಿಯೆಂದಲ್ಲ. ಈ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಾಲು ಸಾಲನ್ನು ತಾಳೆ ನೋಡದೆ ಒಂದು ಪದವನ್ನೂ ಎತ್ತಬಾರದು.

ಸಂದರ್ಶನ, ರೋಗಿ, ಒಪ್ಪಿಗೆ

ಕ್ಷೇತ್ರಕಾರ್ಯ ಮಾಡುವವರು ಎಐ ಬಳಸಿದ್ದೇವೆಂದು ಅಂದುಕೊಳ್ಳದೆಯೇ ಬಳಸುತ್ತಿರುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿದ ಮಾತನ್ನು ಪಠ್ಯ ಮಾಡುವ ಆ್ಯಪ್ ಕೂಡ ಎಐಯೇ. ಅದು ಹೆಚ್ಚಾಗಿ ಪುಸ್ತಕದ ಕನ್ನಡದ ಮೇಲೆ ಪಳಗಿದ್ದು. ಹವ್ಯಕರ ಮನೆಯ ಜಗುಲಿಯಲ್ಲಾಗಲಿ, ದೀವರ ಕೇರಿಯಲ್ಲಾಗಲಿ ಆಡುವ ಮಾತು ಅದಕ್ಕೆ ಅರೆಬರೆ ತಿಳಿಯುತ್ತದೆ. ಮಾತಿನ ನಡುವಿನ ಮೌನದಲ್ಲಿ ಆಡದ ವಾಕ್ಯವನ್ನೇ ಸೇರಿಸಿಬಿಡುವ ದೋಷವೂ ಇಂಥ ಉಪಕರಣಗಳಲ್ಲಿ ಕಂಡುಬಂದಿದೆ. ‘ನಮ್ಮ ಬೆಟ್ಟ ಬೋಳಾಗಿದೆ’ ಎಂದು ತೋಟದ ಯಜಮಾನರು ಹೇಳಿದ್ದು ಸೊಪ್ಪಿನ ಬೆಟ್ಟದ ಬಗ್ಗೆ, ತೋಟಕ್ಕೆ ಸೊಪ್ಪು ತರುವ ಹಕ್ಕಿನ ಕಾಡಿನ ಬಗ್ಗೆ. ಇಂಗ್ಲಿಷಿನಲ್ಲಿ ಅದು ಬರೀ ಗುಡ್ಡವಾದರೆ ಭೂಹಕ್ಕಿನ ಅಧ್ಯಾಯದ ದತ್ತಾಂಶವೇ ಹಾಳು. ಆದ್ದರಿಂದ ವಿಧಾನದ ಅಧ್ಯಾಯದಲ್ಲಿ ಧ್ವನಿಯನ್ನು ಬರಹಕ್ಕಿಳಿಸಿದ್ದು ಯಾವ ಉಪಕರಣ, ಎಷ್ಟು ಸಂದರ್ಶನಗಳನ್ನು ಧ್ವನಿಯೊಂದಿಗೆ ಪೂರ್ತಿ ತಾಳೆ ನೋಡಲಾಯಿತು ಎಂದು ಹೇಳಲೇಬೇಕು. ಎತ್ತಿ ಬರೆದ ಮಾತುಗಳ ಮೂಲ ಕನ್ನಡವನ್ನು ಅನುಬಂಧದಲ್ಲಿ ಕೊಡಬೇಕು.

ಇನ್ನೂ ಗಂಭೀರವಾದದ್ದು ಬೇರೆಯವರ ಮಾಹಿತಿಯನ್ನು ಎಐಗೆ ಕೊಡುವುದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಈ ಸೀಮೆಯ ವೈದ್ಯಕೀಯ, ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಅದು ಮುಖ್ಯ ವಿಷಯ. ಸೋಂಕಿತರ ಪಟ್ಟಿಯಲ್ಲಿ ಹೆಸರುಗಳನ್ನು ಅಳಿಸಿ, ಉಳಿದದ್ದನ್ನು ಎಐಗೆ ಹಾಕಿದರೆ ಗುಟ್ಟು ಉಳಿಯಿತು ಎಂದು ಅಂದುಕೊಳ್ಳುವಂತಿಲ್ಲ. ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಮನೆಗಳಿರುವ ಊರುಗಳಲ್ಲ ಇವು. ತೋಟಕ್ಕೊಂದು ಮನೆ, ಎಷ್ಟೋ ಕಡೆ ಮನೆಯ ಹೆಸರೇ ಜಾಗದ ಹೆಸರು. ಊರು, ವಯಸ್ಸು, ತೋಟದ ವಿಸ್ತೀರ್ಣ ಮೂರು ಸಿಕ್ಕರೆ ಆ ವ್ಯಕ್ತಿ ಯಾರೆಂದು ಪಕ್ಕದ ಊರಿನವರು ಹೇಳಿಬಿಡುತ್ತಾರೆ. ಊರನ್ನು ತಾಲ್ಲೂಕಿಗೆ, ವಯಸ್ಸನ್ನು ಹತ್ತು ವರ್ಷದ ಗುಂಪಿಗೆ ಏರಿಸಿ. ರೋಗಿಯ ಕಡತವನ್ನಂತೂ ಸಾರ್ವಜನಿಕ ಚಾಟ್‌ಬಾಟ್‌ಗೆ ಹಾಕಲೇಬೇಡಿ. ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಮೊದಲೇ ಇರಲಿ: ‘ನನ್ನ ಮಾತಿನ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಕಂಪ್ಯೂಟರ್ ಉಪಕರಣ ಬಳಸಲು ನನ್ನ ಒಪ್ಪಿಗೆ ಇದೆ / ಇಲ್ಲ.’ ಓದಿ ಹೇಳಿ ಸಹಿ ಪಡೆಯಬೇಕು. ಒಪ್ಪಿಗೆ ಇಲ್ಲದವರ ಮಾತನ್ನು ಕೈಯಲ್ಲೇ ಬರೆದುಕೊಳ್ಳಬೇಕು. ಇನ್ನೂ ಸಲ್ಲಿಕೆಯ ಹಂತದ ಪ್ರಬಂಧವನ್ನು ಸಾರಾಂಶಕ್ಕೆಂದು ಎಐಗೆ ಹಾಕುವ ಪರೀಕ್ಷಕರಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ವಿದ್ಯಾರ್ಥಿಯ ಸ್ವತ್ತು.

ಚಿತ್ರಗಳ ಬಗ್ಗೆ ಒಂದೇ ಮಾತು: ಆಗುಂಬೆಯ ಕಪ್ಪೆಯ ಫೋಟೊ ಸಿಗಲಿಲ್ಲವೆಂದು ಎಐಯಿಂದ ಬಿಡಿಸಿ ಹಾಕಿದರೆ, ಘೋಷಿಸಿದರೂ, ಅದು ಹುಟ್ಟುಹಾಕಿದ ಸಾಕ್ಷ್ಯ. ಎಂಜಿನಿಯರಿಂಗ್ ಪ್ರಾಜೆಕ್ಟಿನವರು ಎಐ ಬರೆದ ಕೋಡಿನ ತಲೆಯಲ್ಲೇ ಕಾಮೆಂಟ್ ಹಾಕಿ ಉಪಕರಣ, ತಾರೀಖು, ತಾವು ಬದಲಿಸಿದ ಭಾಗ ಬರೆದರೆ ಬಹುಪಾಲು ಕೆಲಸ ಮುಗಿಯಿತು.

ಘೋಷಣೆಯ ಮಾತು

ಘೋಷಣೆ ಎಲ್ಲಿರಬೇಕು? ಐಸಿಎಂಜೆಇ ಹಾಕಿಕೊಟ್ಟ ಕ್ರಮ ಪ್ರಬಂಧಕ್ಕೂ ಹೊಂದುತ್ತದೆ: ಬರವಣಿಗೆಗೆ ನೆರವು ಪಡೆದಿದ್ದರೆ ಕೃತಜ್ಞತೆಯಲ್ಲಿ, ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಚಿತ್ರಗಳಿಗೆ ಬಳಸಿದ್ದರೆ ವಿಧಾನದ ಅಧ್ಯಾಯದಲ್ಲಿ. ಎಲ್ಸೆವಿಯರ್ ಪ್ರಕಾಶನದ ಪತ್ರಿಕೆಗಳು ಆಕರಪಟ್ಟಿಗೆ ಮೊದಲು ಪ್ರತ್ಯೇಕ ಹೇಳಿಕೆ ಕೇಳುತ್ತವೆ. ಬರೀ ಕಾಗುಣಿತ, ವ್ಯಾಕರಣ ಪರೀಕ್ಷೆಗೆ ವಿನಾಯಿತಿ ಕೊಡುತ್ತವೆ. ಆ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಗೊಂದಲದ ವಿಷಯವೇ. ನಮ್ಮ ಅಭಿಪ್ರಾಯದಲ್ಲಿ ಅಕ್ಷರ ಬದಲಾದರೆ ತಿದ್ದುಪಡಿ, ವಾಕ್ಯದ ಕಟ್ಟು ಅಥವಾ ವಾದದ ಕ್ರಮ ಬದಲಾದರೆ ಬಳಕೆ, ಎರಡನೆಯದನ್ನು ಹೇಳಲೇಬೇಕು.

ಮಾದರಿಗೆ ಹೀಗೊಂದು: ‘ಈ ಪ್ರಬಂಧದ 3ನೇ ಅಧ್ಯಾಯದಲ್ಲಿ ಬಳಸಿದ ಸಂದರ್ಶನಗಳ ಇಂಗ್ಲಿಷ್ ಅನುವಾದದ ಮೊದಲ ಕರಡನ್ನು ಚಾಟ್‌ಜಿಪಿಟಿಯಿಂದ (ಆಗಸ್ಟ್ 2025) ಮಾಡಿಸಲಾಗಿದೆ. ಪ್ರತಿ ಅನುವಾದವನ್ನೂ ಮೂಲ ಧ್ವನಿಮುದ್ರಣದೊಂದಿಗೆ ಸಂಶೋಧಕರೇ ತಾಳೆ ನೋಡಿ ತಿದ್ದಿದ್ದಾರೆ. 2 ಮತ್ತು 5ನೇ ಅಧ್ಯಾಯಗಳಲ್ಲಿ ಎಐ ಬಳಸಿಲ್ಲ. ಪ್ರಶ್ನೆಗಳ ಪಟ್ಟಿ ಅನುಬಂಧ 4ರಲ್ಲಿದೆ. ವಿಷಯದ ಪೂರ್ಣ ಹೊಣೆ ಸಂಶೋಧಕರದು.’ ‘ಬಳಸಿಲ್ಲ’ ಎಂಬ ಸಾಲಿಗೆ ‘ಬಳಸಿದೆ’ ಎಂಬ ಸಾಲಿನಷ್ಟೇ ತೂಕವಿದೆ, ಅದನ್ನು ಬಿಡಬೇಡಿ. ಎಷ್ಟು ಬಳಸಲು ಅನುಮತಿ ಇದೆ ಎಂಬುದನ್ನು ಸಿನಾಪ್ಸಿಸ್ ಹಂತದಲ್ಲೇ ಗೈಡ್ ಹತ್ತಿರ ಕೇಳಿ, ಇಮೇಲ್‌ನಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಬಾಯಿಮಾತಿನ ಒಪ್ಪಿಗೆ ಗೈಡ್ ನಿವೃತ್ತರಾದ ಮೇಲೆ ನೆರವಿಗೆ ಬರುವುದಿಲ್ಲ.

ಅರ್ಧ ಪ್ರಬಂಧ ಮುಗಿದು, ಇಲ್ಲಿಯವರೆಗೆ ಏನನ್ನೂ ಬರೆದಿಡದವರು ಇಂದೇ ಮಾಡಬಹುದಾದ ಕೆಲಸವಿದೆ. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಕಂಟ್ರೋಲ್ಸ್’ ಒಳಗೆ ‘ಎಕ್ಸ್‌ಪೋರ್ಟ್’ ಒತ್ತಿದರೆ ಖಾತೆಯ ಎಲ್ಲ ಸಂಭಾಷಣೆಗಳ ಕೊಂಡಿ ಇಮೇಲಿಗೆ ಬರುತ್ತದೆ. ಅದು 24 ಗಂಟೆಯಲ್ಲಿ ಮುಗಿದುಹೋಗುತ್ತದೆ, ಬಂದ ಕೂಡಲೇ ಇಳಿಸಿಕೊಳ್ಳಿ. ಆಮೇಲೆ ವರ್ಡ್ ಕಡತಗಳ ತಾರೀಖು ಮತ್ತು ಆ ಸಂಭಾಷಣೆಗಳ ತಾರೀಖು ಪಕ್ಕಪಕ್ಕ ಇಟ್ಟು ಅಧ್ಯಾಯವಾರು ಹಾಳೆ ತುಂಬಿ. ನೆನಪಿನಿಂದ ತುಂಬಿದ ಸಾಲಿಗೆ ‘ನೆನಪಿನಿಂದ’ ಎಂದೇ ಗುರುತು ಹಾಕಿ. ಸಿಗದ ಪ್ರಾಂಪ್ಟನ್ನು ಈಗ ಹೊಸದಾಗಿ ಬರೆದು ಹಳೆಯದೆಂದು ಸೇರಿಸಬೇಡಿ. ಆ ಹಾಳೆಯನ್ನು ಮುಂದಿನ ಅಧ್ಯಾಯ ಕೊಡುವಾಗ ಅದರ ಜೊತೆಗೇ ಗೈಡ್ ಕೈಗೆ ಕೊಡಿ.